ಕುರ್ಚಿಗೆಂದು ಹೋಗಿ ಪೆಟ್ಟಿಗೆ ತಂದದ್ದು

ವಿಶ್ವವಿದ್ಯಾಲಯದವರು ಬಳಸಿ ಬದಿಗಿಟ್ಟ ಸಾಮಾನುಗಳನ್ನು ಮಾರುವ ಮಳಿಗೆಗೆ ನಾನು ಹೋಗುವುದು ಪ್ರತಿ ಸಲವೂ ಒಂದು ಕುರ್ಚಿಗಾಗಿ. ಮರಳುವಾಗ ಕೈಯಲ್ಲಿರುವುದು ಬೇರೇನೋ. ಕಳೆದ ಬಾರಿ ತಂದದ್ದು ಗ್ರಂಥಾಲಯದ ಸೂಚಿಕಾರ್ಡುಗಳ ಮರದ ಪೆಟ್ಟಿಗೆ. ಸುಮಾರು 12.5 ಸೆಂ.ಮೀ. ಅಗಲದ ಕಾರ್ಡಿಗೆಂದೇ ಅಳೆದು ಮಾಡಿದ ಅದರ ಪ್ರತಿಯೊಂದು ಡ್ರಾಯರಿಗೂ ಹಿತ್ತಾಳೆಯ ಹಿಡಿ, ಹೆಸರಿನ ಚೀಟಿ ಸಿಕ್ಕಿಸಲು ಪುಟ್ಟ ಚೌಕಟ್ಟು, ಒಳಗೆ ಕಾರ್ಡುಗಳು ಚದುರದಂತೆ ಪೋಣಿಸುವ ಉದ್ದನೆಯ ಸರಳು ಇವೆ. ಪುಸ್ತಕಗಳ ಸೂಚಿಯೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಕೆಲಸ ಕಳೆದುಕೊಂಡ ಈ ಪೆಟ್ಟಿಗೆ ಈಗ ನನ್ನ ಮೊಳೆ, ಸ್ಕ್ರೂಗಳನ್ನು ಕಾಯುತ್ತಿದೆ.

ಇಂಥ ಮಳಿಗೆಯಲ್ಲಿ ಕಂಪ್ಯೂಟರ್ ಕೊಳ್ಳುವವರು ಮಾತ್ರ ತುಸು ಲೆಕ್ಕ ಹಾಕಬೇಕು: ಮಾಹಿತಿ ಹೊರಹೋಗದಿರಲೆಂದು ಹಾರ್ಡ್ ಡಿಸ್ಕನ್ನು ಸಾಮಾನ್ಯವಾಗಿ ಮೊದಲೇ ಕಳಚಿರುತ್ತಾರೆ ಅಥವಾ ಪೂರ್ತಿ ಅಳಿಸಿರುತ್ತಾರೆ, ಆದ್ದರಿಂದ ಅಗ್ಗವೆಂದು ಕಂಡ ಬೆಲೆಗೆ ಹೊಸ ಡಿಸ್ಕಿನ ಖರ್ಚೂ ಸೇರುತ್ತದೆ.

ಇದ್ದ ಸ್ಥಿತಿಯಲ್ಲೇ ಮಾರುವ ಇಂಥ ಕಡೆ ವಾರಂಟಿಯ ಮಾತಿಲ್ಲ. ಒಮ್ಮೆ ಪ್ರಯೋಗಾಲಯದ ಆಸಿಲೋಸ್ಕೋಪೊಂದನ್ನು (ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಮನೆಗೆ ಹೊತ್ತು ತಂದು ಚಾಲೂ ಮಾಡಿದರೆ ದೀಪ ಹತ್ತಿತೇ ಹೊರತು ಗೆರೆ ಮೂಡಲಿಲ್ಲ. ಬಿಚ್ಚಿ ನೋಡಿದಾಗ ಪವರ್ ಸಪ್ಲೈನ ಕೆಪಾಸಿಟರುಗಳು, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು, ಉಬ್ಬಿ ಕೆಟ್ಟಿದ್ದವು. ಮಳಿಗೆಯ ಮೂಲೆಯಲ್ಲೇ ಪ್ಲಗ್ ಇತ್ತು, ಅಲ್ಲೇ ಚಾಲೂ ಮಾಡಿ ನೋಡಲೇ ಎಂದು ಕೇಳಲು ಸಂಕೋಚಪಟ್ಟಿದ್ದೆ.