ಅಂಚಿನ ಮೇಲೆ ಅಮ್ಮನ ವಾಕರ್

ನೆಲದ ಬಣ್ಣ ಆರಿಸೋಕೆ ನಮಗೆ ಮೂರು ವಾರ ಹಿಡಿಯಿತು. ಹಾಲ್‌ಗೆ ತಿಳಿ ಮರದ ಬಣ್ಣದ ವಿನೈಲ್ ಪ್ಲ್ಯಾಂಕ್, ಅಂದರೆ ಹಲಗೆಯ ಹಾಗೆ ಜೋಡಿಸುವ ಪ್ಲಾಸ್ಟಿಕ್ ಪಟ್ಟಿಗಳು, ಬಚ್ಚಲಿಗೆ ಬೂದು ಟೈಲ್ಸ್. ಎಲ್ಲ ಮುಗಿಯಿತು ಅಂದುಕೊಂಡಿದ್ದಾಗ ಮೇಸ್ತ್ರಿ ಬಂದು ಕೇಳಿದರು, "ಅಂಚು ಯಾವ ಥರದ್ದು ಹಾಕೋಣ ಮೇಡಂ?" ಅದನ್ನು ನಾವು ಯೋಚಿಸಿಯೇ ಇರಲಿಲ್ಲ.

ಅವರು ಸ್ಯಾಂಪಲ್ ತುಂಡುಗಳನ್ನು ಕಿಟಕಿ ಪಕ್ಕ ನೆಲದ ಮೇಲೆ ಜೋಡಿಸಿದರು. ಮೊದಲನೆಯದು ಸ್ಕ್ವೇರ್ ಎಡ್ಜ್. ಅಂಚು ನೆಟ್ಟಗೆ ಕತ್ತರಿಸಿದ್ದು, ಎರಡು ತುಂಡು ಸೇರಿಸಿದರೆ ಗೆರೆಯೇ ಕಾಣುತ್ತಿರಲಿಲ್ಲ. ಎರಡನೆಯದು ಮೈಕ್ರೋ ಬೆವೆಲ್. ಮೇಲಂಚನ್ನು ಒಂದಿಷ್ಟೇ ಓರೆಯಾಗಿ ಸವರಿದ್ದರಿಂದ ಸೇರುವ ಕಡೆ ಸಣ್ಣದೊಂದು ಗೀರು. ಮೂರನೆಯದು ಪೂರ್ತಿ ಬೆವೆಲ್. ಗೀರು ಆಳ, ಒಳಗೂ ಬಣ್ಣ ಬಳಿದಿದ್ದರು. ನಿಜವಾದ ಮರದ ಹಲಗೆ ಹಾಸಿದ ಹಾಗೆ ಒಂದೊಂದೂ ಬೇರೆಯಾಗಿ ಎದ್ದು ಕಾಣುತ್ತಿತ್ತು. ನನ್ನ ಮನಸ್ಸು ಮೊದಲನೆಯದರ ಮೇಲೇ ಇತ್ತು.

ಮೇಸ್ತ್ರಿ ವಾದ ಮಾಡಲಿಲ್ಲ. ಒಂದು ಕಾರ್ಡನ್ನು ಮಡಚಿ ಸ್ಕ್ವೇರ್ ಎಡ್ಜ್ ತುಂಡಿನ ಅಡಿಗೆ ತೂರಿಸಿದರು ಅಷ್ಟೇ. ಕಿಟಕಿಯ ಬೆಳಕು ಅಡ್ಡಡ್ಡ ಬೀಳುತ್ತಿತ್ತಲ್ಲ, ಅಲ್ಲೊಂದು ಕಪ್ಪು ನೆರಳು ಗೆರೆ ಮೂಡಿತು. ಅದೇ ಕಾರ್ಡನ್ನು ಬೆವೆಲ್ ತುಂಡಿನ ಅಡಿಗೆ ಇಟ್ಟರು. ಅಲ್ಲಿ ಮೊದಲೇ ಗೀರು ಇದ್ದದ್ದರಿಂದ ವ್ಯತ್ಯಾಸ ಅದರಲ್ಲೇ ಮುಚ್ಚಿಹೋಯಿತು. ಆಮೇಲೆ ಉದ್ದದ ಪಟ್ಟಿಯನ್ನು ಹಳೇ ನೆಲದ ಮೇಲಿಟ್ಟು ತೋರಿಸಿದರು. ಮೂರು ಮೀಟರ್ ಉದ್ದಕ್ಕೆ ಏರಿಳಿತ ಸುಮಾರು 5 ಮಿಲಿಮೀಟರ್ ದಾಟಬಾರದು. ಬಾಗಿಲ ಹತ್ತಿರ ನಮ್ಮ ನೆಲ ಅದಕ್ಕಿಂತ ಜಾಸ್ತಿ ಕುಸಿದಿತ್ತು. ತುಂಬಿಸಿ ಮಟ್ಟ ಮಾಡಬಹುದು, ಆದರೆ ಸ್ಕ್ವೇರ್ ಎಡ್ಜ್ ಹಾಕಿದರೆ ಉಳಿಯುವ ಚಿಕ್ಕ ಏರುಪೇರೂ ಕಾಣುತ್ತದೆ ಅಂದರು.

ಹಾಗಾದರೆ ಪೂರ್ತಿ ಬೆವೆಲ್ಲೇ ಹಾಕಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಅಮ್ಮ ಬಂದಳು. ಮಂಡಿ ಆಪರೇಷನ್ ಆದಮೇಲೆ ಅವಳಿಗೆ ಕಾಲು ಪೂರ್ತಿ ಎತ್ತಿಡಲು ಆಗುವುದಿಲ್ಲ. ಚಕ್ರದ ವಾಕರ್ ಹಿಡಿದು, ಪಾದ ಎಳೆಯುತ್ತ ನಡೆಯುತ್ತಾಳೆ. ಜೋಡಿಸಿದ್ದ ತುಂಡುಗಳ ಮೇಲೆ ವಾಕರ್ ತಳ್ಳಲು ಹೇಳಿದೆ. ಆಳದ ಗೀರು ಬಂದಾಗಲೆಲ್ಲ ಟಕ್ ಟಕ್ ಸದ್ದು. "ರಾತ್ರಿ ನಾನು ಎದ್ದರೆ ಮನೆಯವರಿಗೆಲ್ಲ ಎಚ್ಚರ ಆಗುತ್ತೆ ಕಣೆ" ಅಂದಳು. ಮೈಕ್ರೋ ಬೆವೆಲ್ ಮೇಲೆ ಚಕ್ರ ಸುಮ್ನೆ ಉರುಳಿತು. ನಾನು ಸ್ವಲ್ಪ ಪೌಡರ್ ಉದುರಿಸಿ ಗುಡಿಸಿಯೂ ನೋಡಿದೆ. ಆಳದ ಗೀರಿನಲ್ಲಿ ಬಿಳಿ ಗೆರೆ ಹಾಗೇ ಉಳಿಯಿತು. ಸಣ್ಣದರಲ್ಲಿ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕಾಯಿತು.

ಹಾಲ್‌ಗೆ ಮೈಕ್ರೋ ಬೆವೆಲ್ ಅಂತ ತೀರ್ಮಾನವಾಯಿತು. ಪ್ಲ್ಯಾಂಕ್ ಕತ್ತರಿಸಿದ ಕಡೆ ಬೆವೆಲ್ ಇರುವುದಿಲ್ಲ. ಅದಕ್ಕೇ ಕತ್ತರಿಸಿದ ತುದಿ ಯಾವಾಗಲೂ ಗೋಡೆಯ ಕಡೆಗೆ, ಗೋಡೆಯ ಬುಡಕ್ಕೆ ಹೊಡೆಯುವ ಸ್ಕರ್ಟಿಂಗ್ ಪಟ್ಟಿಯ ಅಡಿಗೆ ಹೋಗಬೇಕಂತೆ.

ಬಚ್ಚಲಿನ ಟೈಲ್ಸ್‌ನಲ್ಲೂ ಇದೇ ಪ್ರಶ್ನೆ ಬಂತು. ಭಟ್ಟಿಯಲ್ಲಿ ಸುಡುವಾಗ ಟೈಲ್ಸ್ ಕುಗ್ಗುತ್ತವೆ, ಎಲ್ಲವೂ ಒಂದೇ ಅಳತೆಗೆ ಕುಗ್ಗುವುದಿಲ್ಲ. ಸುಟ್ಟ ಮೇಲೆ ಅಂಚನ್ನು ಯಂತ್ರದಲ್ಲಿ ತಿದ್ದಿದರೆ ಅದು ರೆಕ್ಟಿಫೈಡ್. 2 ಮಿಲಿಮೀಟರ್ ಸಂದು ಬಿಟ್ಟರೂ ನಡೆಯುತ್ತದೆ, ನೋಡಲು ತುಂಬ ಅಚ್ಚುಕಟ್ಟು. ಆದರೆ ಅಂಚು ಚೂಪು. ಒಂದು ಟೈಲ್ ಚೂರು ಮೇಲೆ ಕೂತರೂ ಬರಿಗಾಲಿಗೆ ಗೊತ್ತಾಗುತ್ತದೆ. ತಿದ್ದದೇ ಬರುವ ಟೈಲ್ಸ್‌ನ ಅಂಚು ತುಸು ದುಂಡಗಿರುತ್ತದೆ, ಸಂದು ಇನ್ನಷ್ಟು ಅಗಲ ಬೇಕು. ಪಾದ ಎಳೆದು ನಡೆಯುವವಳಿಗೆ ಯಾವುದು ಒಳ್ಳೆಯದು ಅಂತ ಯೋಚಿಸಬೇಕಾಗಲೇ ಇಲ್ಲ. ದುಂಡಂಚಿನ ಚಿಕ್ಕ ಟೈಲ್ಸ್, 3 ಮಿಲಿಮೀಟರ್ ಸಂದು, ಅದರಲ್ಲಿ ತುಂಬಲು ಗ್ರೌಟ್. ಸಂದುಗಳು ಜಾಸ್ತಿ ಇದ್ದಷ್ಟೂ ಒದ್ದೆ ಕಾಲಿಗೆ ಹಿಡಿತ ಸಿಗುತ್ತದೆ.

ಅಡುಗೆಮನೆಗೆ ಉದ್ದನೆಯ ಟೈಲ್ಸ್ ಬೇಕೆಂದಿದ್ದೆ, ಇಟ್ಟಿಗೆ ಕಟ್ಟಿದ ಹಾಗೆ ಅರ್ಧಕ್ಕರ್ಧ ಸರಿಸಿ. ಮೇಸ್ತ್ರಿ ಎರಡು ಟೈಲ್ಸನ್ನು ಮುಖಕ್ಕೆ ಮುಖ ಇಟ್ಟರು. ನಡುವೆ ತಾಗುತ್ತಿತ್ತು, ತುದಿಗಳಲ್ಲಿ ಸಂದು ಕಾಣುತ್ತಿತ್ತು. ಉದ್ದನೆಯ ಟೈಲ್ಸ್ ನಡುವೆ ಸ್ವಲ್ಪ ಉಬ್ಬಿರುವುದು ಸಾಮಾನ್ಯ. ಅರ್ಧಕ್ಕೆ ಸರಿಸಿದರೆ ಒಂದರ ಉಬ್ಬು ಪಕ್ಕದ್ದರ ತಗ್ಗಿಗೆ ಬರುತ್ತದೆ, ಅಂಚು ಎದ್ದು ನಿಲ್ಲುತ್ತದೆ. ಮೂರನೇ ಒಂದು ಭಾಗ ಸರಿಸಿದರೆ ಆ ತೊಂದರೆ ಕಮ್ಮಿ. ಹಾಗೇ ಹಾಕಿಸಿದೆವು.

ಒಂದು ಅಂಚನ್ನು ಮಾತ್ರ ನಾವೆಲ್ಲ ಮರೆತಿದ್ದೆವು. ಹಾಲ್‌ನ ವಿನೈಲ್ ಮತ್ತು ಬಚ್ಚಲಿನ ಟೈಲ್ಸ್ ಸೇರುವ ಬಾಗಿಲು. ಟೈಲ್ಸ್ ಕೂರಿಸಿದ ಮೇಲೆ ಅಲ್ಲಿ ಬೆರಳಿನ ದಪ್ಪದಷ್ಟು ಎತ್ತರ ಉಳಿಯಿತು. ಮೇಸ್ತ್ರಿ ಓರೆಯ ಪಟ್ಟಿ ಹಾಕಿಕೊಟ್ಟರು. ವಾಕರ್ ಹತ್ತುತ್ತದೆ, ಆದರೂ ಅಲ್ಲಿ ಬಂದಾಗ ಅಮ್ಮ ಒಂದು ಕ್ಷಣ ನಿಂತು, ಹಿಡಿ ಬಿಗಿ ಮಾಡಿಕೊಂಡು ದಾಟುತ್ತಾಳೆ. ಆಗೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಆ ಕಡೆ ನೋಡುತ್ತೇನೆ.