ಡಾರ್ಕ್ ಮ್ಯಾಟರ್ ಎನ್ನುವ ಮೊದಲು ಗೆಲಾಕ್ಸಿಯ ಓರೆ ನೋಡಿ

ಖಗೋಳವಿಜ್ಞಾನಿಗಳು ರಾತ್ರಿಯಿಡೀ ದೂರದರ್ಶಕಕ್ಕೆ ಕಣ್ಣು ಹಚ್ಚಿ ಕೂರುತ್ತಾರೆ ಎಂದು ಈಗಲೂ ಹಲವರು ನಂಬಿದ್ದಾರೆ. ನನ್ನ ಕೆಲಸ ಬಹುಪಾಲು ನಡೆಯುವುದು ಹಗಲಿನಲ್ಲಿ, ಕಂಪ್ಯೂಟರ್ ಮುಂದೆ. ಗೆಲಾಕ್ಸಿಗಳು ಸುತ್ತುವ ವೇಗವನ್ನು ಅಳೆದು, ಅವುಗಳಲ್ಲಿ ಡಾರ್ಕ್ ಮ್ಯಾಟರ್, ಅಂದರೆ ಬೆಳಕು ಬೀರದ, ಗುರುತ್ವದಿಂದಷ್ಟೇ ಸುಳಿವು ಕೊಡುವ ದ್ರವ್ಯ, ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತೇನೆ.

ತೆರೆಯ ಮೇಲೆ ಕಾಣುವುದು ಬಣ್ಣಬಣ್ಣದ ಸುರುಳಿಯಲ್ಲ, ಬೂದು ಬಣ್ಣದ ರೋಹಿತ, ಅಂದರೆ ಗೆಲಾಕ್ಸಿಯ ಬೆಳಕನ್ನು ತರಂಗಾಂತರಕ್ಕೆ ತಕ್ಕಂತೆ ಬಿಡಿಸಿಟ್ಟ ಪಟ್ಟಿ. ಅದರಲ್ಲಿ ಜಲಜನಕದ ಒಂದು ಗೆರೆ ಇರುತ್ತದೆ, ಮೂಲದಲ್ಲಿ 656.3 ನ್ಯಾನೊಮೀಟರ್ ತರಂಗಾಂತರದ್ದು. ಗೆಲಾಕ್ಸಿಯ ಒಂದು ಬದಿ ನಮ್ಮತ್ತ, ಇನ್ನೊಂದು ಬದಿ ಆಚೆಗೆ ತಿರುಗುವುದರಿಂದ ತರಂಗಾಂತರ ತುಸು ಸರಿದು ಗೆರೆ ನಡುವೆ ಬಾಗುತ್ತದೆ. ಅಂಚಿಗೆ ಬಂದಾಗ ನೆಟ್ಟಗಾಗುತ್ತದೆ. ಅಂದರೆ ಹೊರವಲಯದಲ್ಲೂ ವೇಗ ತಗ್ಗುವುದಿಲ್ಲ. ಕಾಣುವ ನಕ್ಷತ್ರ ಮತ್ತು ಅನಿಲದ ಗುರುತ್ವವಷ್ಟೇ ಇದ್ದಿದ್ದರೆ ತಗ್ಗಲೇಬೇಕಿತ್ತು. ಅಮೆರಿಕದ ಖಗೋಳವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯ ಅಳತೆ ಪ್ರಕಟಿಸಿದ್ದು ಡಾರ್ಕ್ ಮ್ಯಾಟರ್ ಹುಡುಕಲು ಹೊರಟು ಅಲ್ಲ. ಫೋರ್ಡ್ ಕಟ್ಟಿದ ಸೂಕ್ಷ್ಮ ರೋಹಿತದರ್ಶಕ ಕೈಯಲ್ಲಿತ್ತು, ಅಚ್ಚುಕಟ್ಟಾಗಿ ಅಳೆದರು. ನನಗೆ ಅವರಲ್ಲಿ ಹಿಡಿಸುವುದು ಅದೇ.

ನಮ್ಮ ತಂಡದಲ್ಲಿ ಅತಿ ಹೆಚ್ಚು ವಾಗ್ವಾದ ನಡೆಯುವುದು ಗೆಲಾಕ್ಸಿಯ ಓರೆಯ ಬಗ್ಗೆ, ಅಂದರೆ ಅದರ ತಟ್ಟೆ ನಮ್ಮ ನೋಟಕ್ಕೆ ಎಷ್ಟು ವಾಲಿದೆ ಎಂಬುದರ ಬಗ್ಗೆ. ಪೂರ್ತಿ ಎದುರುಮುಖವಾಗಿರುವ ಗೆಲಾಕ್ಸಿಯ ತಿರುಗುವಿಕೆ ರೋಹಿತದಲ್ಲಿ ಕಾಣುವುದೇ ಇಲ್ಲ. ಓರೆಯಾದಷ್ಟೂ ಹೆಚ್ಚು ಕಾಣುತ್ತದೆ. ಆದ್ದರಿಂದ ಅಳೆದ ವೇಗವನ್ನು ಓರೆಗೆ ತಕ್ಕಂತೆ ತಿದ್ದಬೇಕು. ಕೋನ 30 ಡಿಗ್ರಿಯೋ 25 ಡಿಗ್ರಿಯೋ ಎಂಬ ಅನುಮಾನವಿದೆ ಎನ್ನಿ. ಚಿತ್ರದಲ್ಲಿ ತಟ್ಟೆಯ ಅಗಲ ಮತ್ತು ಉದ್ದದ ಅನುಪಾತ 0.87ರಿಂದ 0.91ಕ್ಕೆ ಹೋಗುತ್ತದೆ, ಕಣ್ಣಿಗೆ ಗೊತ್ತೇ ಆಗದಷ್ಟು. ಆದರೆ ತಿದ್ದಿದ ವೇಗ ಹೆಚ್ಚುವುದರಿಂದ ಅದರಿಂದ ಲೆಕ್ಕ ಹಾಕುವ ಒಟ್ಟು ದ್ರವ್ಯರಾಶಿಯೋ ಸುಮಾರು ಶೇ. 40ರಷ್ಟು ಏರುತ್ತದೆ! ನಕ್ಷತ್ರಗಳ ಬೆಳಕು ಇದ್ದಷ್ಟೇ ಇರುವುದರಿಂದ ಹೆಚ್ಚುವರಿಯೆಲ್ಲ ಡಾರ್ಕ್ ಮ್ಯಾಟರ್ ಖಾತೆಗೆ ಜಮಾ ಆಗುತ್ತದೆ. ಡಾರ್ಕ್ ಮ್ಯಾಟರ್ ಇದೆ ಎಂಬ ತೀರ್ಮಾನ ಇದರಿಂದ ಅಲುಗಾಡುವುದಿಲ್ಲ, ಅದಕ್ಕೆ ಬೇರೆ ಆಧಾರಗಳು ಸಾಕಷ್ಟಿವೆ. ಈ ಗೆಲಾಕ್ಸಿಯಲ್ಲಿ ಎಷ್ಟಿದೆ ಎಂಬ ಅಂಕಿ ಮಾತ್ರ ಕೈಕೊಡುತ್ತದೆ.

ಡಾರ್ಕ್ ಮ್ಯಾಟರಿನ ಕಣವನ್ನೇ ನೇರವಾಗಿ ಹಿಡಿಯಲು ಹೊರಟವರ ಪಾಡೂ ಇದೇ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ, ನೆಲದಡಿ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಎಲ್‌ಝಡ್ ಉಪಕರಣ 7 ಟನ್ ದ್ರವ ಕ್ಸೆನಾನ್ ಇಟ್ಟುಕೊಂಡು ಕಾಯುತ್ತಿದೆ. ಅಲ್ಲಿನವರ ದೊಡ್ಡ ತಲೆನೋವು ಉಪಕರಣದ ಭಾಗಗಳಿಂದಲೇ ಒಸರಿ ಸುಳ್ಳು ಸಂಕೇತ ಕೊಡುವ ವಿಕಿರಣಶೀಲ ಅನಿಲ ರೇಡಾನ್. 2024ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಡಾರ್ಕ್ ಮ್ಯಾಟರಿನ ಸುಳಿವಿರಲಿಲ್ಲ. ಪತ್ರಿಕೆಗಳು ಇದನ್ನು ಸೋಲು ಎಂದು ಬರೆದರೆ ನನಗೆ ಸಿಟ್ಟು ಬರುತ್ತದೆ. ಯಾವ ಬಗೆಯ ಕಣ ಇರಲಾರದು ಎಂಬುದನ್ನು ಅಷ್ಟು ಬಿಗಿಯಾಗಿ ಹೇಳುವುದು ಸಣ್ಣ ಕೆಲಸವಲ್ಲ.

ಹೊಸದಾಗಿ ಸೇರಿದವರು ವೇಗದ ಗ್ರಾಫ್ ತಂದರೆ ಓರೆಯನ್ನು ಯಾವ ಚಿತ್ರದಿಂದ ಅಳೆದಿರಿ ಎಂದು ಮೊದಲು ಕೇಳುತ್ತೇನೆ. ಎರಡು ಬೇರೆ ವಿಧಾನಗಳ ಉತ್ತರ ಹೊಂದದಿದ್ದರೆ ಆ ಗೆಲಾಕ್ಸಿಯನ್ನು ಪಟ್ಟಿಯಿಂದ ತೆಗೆಯುತ್ತೇವೆ, ಅದರ ಗ್ರಾಫ್ ಎಷ್ಟೇ ಚೆಂದವಿರಲಿ.