ಜ್ವರ ಬಂದು ಎಷ್ಟು ದಿನಾ ಆತ್ರಿ?

"ವಿಡಾಲ್ ಪಾಸಿಟಿವ್ ಬಂದೈತ್ರಿ, ಟೈಫಾಯ್ಡ್ ಅಂದಾರ. ಮತ್ತ ಯಾಕ ರಕ್ತ ತಗೀತೀರಿ?"

ಈ ಸೋಮವಾರ ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ, ನವಲಗುಂದ ಕಡೆಯಿಂದ ಮಗನನ್ನು ಕರೆತಂದಿದ್ದ ತಾಯಿಯ ಪ್ರಶ್ನೆ ಇದು. ರಕ್ತ ತೆಗೆಯುವ ಹುಡುಗಿ ತಿರುಗಿ ಕೇಳಿದಳು: "ಜ್ವರ ಬಂದು ಎಷ್ಟು ದಿನಾ ಆತ್ರಿ ಅಕ್ಕಾರ?"

"ನಿನ್ನೆಗೆ ಮೂರು ದಿನಾರಿ."

ಟೈಫಾಯ್ಡ್ ಪತ್ತೆಗೆ ಮಾಡುವ ವಿಡಾಲ್ ರಕ್ತಪರೀಕ್ಷೆಯ ವರದಿ ಮೊನ್ನೆಯದು, ಅಂದರೆ ಜ್ವರದ ಎರಡನೇ ದಿನದ್ದು. 'ಓ' ಪ್ರತಿಕಾಯ 1:80, ಅಂದರೆ ಸೀರಮ್ ಅನ್ನು ಎಂಬತ್ತು ಪಟ್ಟು ತೆಳುಗೊಳಿಸಿದರೂ ಪ್ರತಿಕ್ರಿಯೆ ಕಂಡಿದೆ. ಎರಡನೇ ದಿನದ ವಿಡಾಲ್ ಏನು ಹೇಳೀತು? ಅದು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈಯಲ್ಲಿ ಏಳುವ ಪ್ರತಿಕಾಯಗಳನ್ನು. ಅವು ಏಳಲು ಸುಮಾರು ಒಂದು ವಾರ ಬೇಕು. ಹಳೆಯ ಸೋಂಕಿದ್ದರೂ, ಲಸಿಕೆ ಹಾಕಿಸಿದ್ದರೂ, ಬೇರೆ ಜ್ವರವಿದ್ದರೂ ನಮ್ಮಲ್ಲಿ 1:80 ಕಾಣುತ್ತದೆ. ವಾರ ಹತ್ತು ದಿನ ಬಿಟ್ಟು ಮತ್ತೆ ಮಾಡಿದಾಗ ನಾಲ್ಕು ಪಟ್ಟು ಏರಿದ್ದರೆ ಆ ಸಂಖ್ಯೆಗೆ ತೂಕ.

ಮೊದಲ ವಾರದ ಪುರಾವೆ ಬ್ಲಡ್ ಕಲ್ಚರ್, ರಕ್ತದಲ್ಲಿನ ರೋಗಾಣುವನ್ನೇ ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಚರ್ಮಕ್ಕೆ ಸ್ಪಿರಿಟ್ ಒರೆಸಿ ಪೂರ್ತಿ ಒಣಗಲು ಬಿಡಬೇಕು, ಬಾಟಲಿಯ ರಬ್ಬರ್ ಮುಚ್ಚಳವನ್ನೂ ಒರೆಸಬೇಕು; ಅವಸರ ಮಾಡಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವೇ ಬೆಳೆದು ದಾರಿ ತಪ್ಪಿಸುತ್ತದೆ. ದೊಡ್ಡವರಿಗೆ ಬಾಟಲಿಗೆ 8–10 ಮಿಲಿ, ಮಕ್ಕಳಿಗೆ ತೂಕ ನೋಡಿ ಕಡಿಮೆ. ರಕ್ತ ಕಡಿಮೆ ಬಿದ್ದರೆ ರೋಗಾಣು ಕೈಗೆ ಸಿಗದೇ ಹೋಗಬಹುದು. ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಲೇಬಾರದು.

"ಗುಳಿಗಿ ಏನಾರ ಕೊಟ್ಟೀರೇನು?"

ತಾಯಿ ಚೀಲದಿಂದ ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಗುಳಿಗೆಯ ಪಟ್ಟಿ ತೆಗೆದಳು. ನಾಲ್ಕು ಖಾಲಿ. "ಜ್ವರದ ಗುಳಿಗಿ ಅಂತ ಕೊಟ್ಟಾರ್ರಿ."

ಆ್ಯಂಟಿಬಯಾಟಿಕ್ ಹೊಟ್ಟೆ ಸೇರಿದ ಮೇಲೆ ಟೈಫಾಯ್ಡ್ ಇದ್ದರೂ ಕಲ್ಚರ್‌ನಲ್ಲಿ ಬೆಳೆಯದೇ ಹೋಗಬಹುದು. ಆ ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ದಿನ ಎಣಿಸದೆ ವಿಡಾಲ್ ಮಾಡಿಸಿ, ಕಲ್ಚರ್‌ಗೆ ರಕ್ತ ತೆಗೆಸದೆ ಗುಳಿಗೆ ಕೈಗಿಟ್ಟವರ ಮೇಲೆ ಮಾತ್ರ ಸಿಟ್ಟು ಬರುತ್ತದೆ.

ಕಲ್ಚರ್ ಜೊತೆಗೆ ಡೆಂಗಿಯ ಎನ್‌ಎಸ್1 ಸಹ ಹೋಯಿತು. ವೈರಾಣುವಿನ ಪ್ರೊಟೀನ್ ಹುಡುಕುವ ಈ ಪರೀಕ್ಷೆ ಮೊದಲ ಐದು ದಿನ ಸರಿ, ಆಮೇಲೆ ಐಜಿಎಂ ಪ್ರತಿಕಾಯ ನೋಡಬೇಕು. ಮಲೇರಿಯಾಕ್ಕೆ ರಕ್ತಲೇಪನ, ಅಂದರೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದು ಒಮ್ಮೆ ನೆಗೆಟಿವ್ ಬಂದರೆ ಮುಗಿಯಲಿಲ್ಲ, 12–24 ತಾಸು ಬಿಟ್ಟು ಮತ್ತೆ ನೋಡಬೇಕು. ಹುಡುಗನ ಕಂಕುಳು, ತೊಡೆಸಂದಿಯಲ್ಲಿ ಕಪ್ಪು ಹಕ್ಕಳೆ ಇದೆಯೇ ಎಂದೂ ಡಾಕ್ಟರ್ ನೋಡಿದರು. ನುಸಿಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನ ಆ ಗುರುತು ಹುಡುಕಲು ಒಂದು ರೂಪಾಯಿಯೂ ಬೇಡ, ಅಂಗಿ ಬಿಚ್ಚಿಸುವ ತಾಳ್ಮೆ ಬೇಕು. ಅಲ್ಲಿ ಏನೂ ಇರಲಿಲ್ಲ.

ಕಲ್ಚರ್ ಬಾಟಲಿ ಐದು ದಿನ ಇನ್‌ಕ್ಯುಬೇಟರ್‌ನಲ್ಲಿರುತ್ತದೆ. ಇವತ್ತಿಗೆ ಮೂರು ದಿನ.